ಕಥೆಗಾರರು ಕಂಡದ್ದು, ಕಾಣದೆ ಬಿಟ್ಟ ಕಾವಲು

2023ರ ಏಪ್ರಿಲ್ 2ರ ಬೆಳಿಗ್ಗೆ. ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಹತ್ತಿರ ಹೆಲಿಕಾಪ್ಟರ್ ಒಂದು ರೆಕ್ಕೆಯ ವಾಹನವನ್ನು ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಒಯ್ದು ಬಿಟ್ಟಿತು. ಪೈಲಟ್ ಇಲ್ಲ. ಅದು ತಾನಾಗಿಯೇ ರನ್‌ವೇಗೆ ಬಂದು ಇಳಿಯಿತು. ಮತ್ತೆ ಮತ್ತೆ ಬಳಸುವಂಥ ರಾಕೆಟ್‌ಗಾಗಿ ಇಸ್ರೊ ಮಾಡಿದ ಪರೀಕ್ಷೆ ಅದು. ಮರುವರ್ಷ ಇಳಿದ ವಾಹನಕ್ಕೆ 'ಪುಷ್ಪಕ್' ಎಂದು ಹೆಸರು. ಕಥೆಯಲ್ಲಿ ಕೇಳಿದ್ದು ಕೊನೆಗೂ ಕಣ್ಣೆದುರು ಬಂತು ಅನ್ನಿಸುತ್ತೆ, ಅಲ್ವಾ? ಆದರೆ ಮುಂದೆ ಬರುವುದನ್ನು ಮೊದಲೇ ಹೇಳಿದವರ ಮಾತು ಎಷ್ಟರಮಟ್ಟಿಗೆ ನಿಜವಾಗಿದೆ?

ಹೀಗೇ ಮತ್ತೆ ಮತ್ತೆ ಬಳಸಲೆಂದು ಮಾಡಿದ ಅಮೆರಿಕದ ಬಾಹ್ಯಾಕಾಶ ವಾಹನ ಸ್ಪೇಸ್ ಶಟಲ್ ವರ್ಷಕ್ಕೆ 50ರ ಆಸುಪಾಸು ಸಲ ಹಾರುತ್ತದೆ ಎಂದು 1970ರ ದಶಕದ ಆರಂಭದಲ್ಲಿ ಲೆಕ್ಕ ಹಾಕಿದ್ದರು. 30 ವರ್ಷಗಳಲ್ಲಿ ಅದು ಹಾರಿದ್ದು ಒಟ್ಟು 135 ಸಲ.

ಅಣುಶಕ್ತಿಯದು ಇನ್ನೂ ಸೋಜಿಗದ ಕಥೆ. ಕಾದಂಬರಿಕಾರ ಎಚ್.ಜಿ. ವೆಲ್ಸ್ 1914ರಲ್ಲೇ ಅಣುಬಾಂಬಿನ ಬಗ್ಗೆ ಬರೆದಿದ್ದರು. 1933ರ ಸೆಪ್ಟೆಂಬರ್‌ನಲ್ಲಿ, ಪರಮಾಣುವಿನ ಒಳಗೆ ಬೀಜ (ನ್ಯೂಕ್ಲಿಯಸ್) ಇದೆ ಎಂದು ಕಂಡುಹಿಡಿದ ರುದರ್‌ಫರ್ಡ್ ಅವರೇ, ಅದರಿಂದ ಶಕ್ತಿ ಪಡೆಯುತ್ತೇವೆ ಅನ್ನುವುದು ಸುಮ್ನೆ ಹುರುಳಿಲ್ಲದ ಮಾತು ಎಂದುಬಿಟ್ಟರು. ಪತ್ರಿಕೆಯಲ್ಲಿ ಇದನ್ನು ಓದಿದ ಭೌತವಿಜ್ಞಾನಿ ಲಿಯೊ ಸಿಲಾರ್ಡ್‌ಗೆ ಲಂಡನ್ನಿನ ರಸ್ತೆ ದಾಟುವಾಗ ಒಂದು ಪರಮಾಣುವಿನಲ್ಲಿ ಆದದ್ದು ಮುಂದಿನವಕ್ಕೂ ಹಬ್ಬುತ್ತ ಹೋಗುವ ಸರಪಳಿ ಕ್ರಿಯೆಯ ಉಪಾಯ ಹೊಳೆಯಿತು. ವೆಲ್ಸ್ ಅವರ ಕಾದಂಬರಿಯನ್ನು ಅವರು ಹಿಂದಿನ ವರ್ಷವೇ ಓದಿದ್ದರು! 1942ರಲ್ಲಿ ಷಿಕಾಗೊದಲ್ಲಿ ಆ ಕ್ರಿಯೆ ನಡೆದೇಬಿಟ್ಟಿತು. ಹಾಗಂತ ವೆಲ್ಸ್ ಬರೆದದ್ದೆಲ್ಲ ಸರಿಯಲ್ಲ. ಅವರ ಬಾಂಬನ್ನು ವಿಮಾನದಿಂದ ಕೈಯಲ್ಲಿ ಎತ್ತಿ ಹಾಕಬೇಕು, ಅದು ದಿನಗಟ್ಟಲೆ ಸಿಡಿಯುತ್ತಲೇ ಇರುತ್ತದೆ. ಆಗುತ್ತದೆ ಎಂದದ್ದು ಸರಿ, ಹೇಗೆ ಎಂಬಲ್ಲಿ ತಪ್ಪಿದರು. ರುದರ್‌ಫರ್ಡ್‌ಗೆ ಅಂದಿನ ಕಷ್ಟ ಚೆನ್ನಾಗಿ ಗೊತ್ತಿತ್ತು. ಆ ತಿಳಿವೇ ಅವರಿಗೆ ಅಡ್ಡ ಬಂತು ಎಂದು ನನಗನ್ನಿಸುತ್ತದೆ.

ಕಥೆಗಾರರೂ ತಜ್ಞರೂ ನೋಡದೆ ಬಿಟ್ಟದ್ದೊಂದು ನಮ್ಮ ಜಿಲ್ಲೆಯಲ್ಲೇ ಇದೆ. ಇಸ್ರೊ, ರಕ್ಷಣಾ ಸಂಶೋಧನೆಯ ಡಿಆರ್‌ಡಿಒ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟ ಸಾವಿರಾರು ಎಕರೆ ಅಮೃತಮಹಲ್ ಕಾವಲು ಅದು. ಮೈಸೂರು ಅರಸರ ಕಾಲದಿಂದ ದನಗಳಿಗೆಂದು ಉಳಿಸಿಕೊಂಡು ಬಂದ ಹುಲ್ಲುಗಾವಲು. ಸುತ್ತಲಿನ ಹಳ್ಳಿಗಳ ಕುರಿ, ದನ ಮೇಯುತ್ತಿದ್ದದ್ದು ಅಲ್ಲೇ. ಕಂಬಳಿ ನೇಯುವವರ ಉಣ್ಣೆಗೂ ಆ ಹುಲ್ಲೇ ಆಸರೆ. ಗೋಡೆ ಎದ್ದಾಗ ಜನ ಬೀದಿಗಿಳಿದರು. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.

ಪುಷ್ಪಕ್ ಇಳಿದದ್ದು ನನಗೂ ಹೆಮ್ಮೆಯೇ. ಆದರೆ ಮುಂದೇನು ಬರಬೇಕು ಎಂದು ಲೆಕ್ಕ ಹಾಕುವಾಗ ಕುರಿ ಕಾಯುವವರನ್ನೂ ಜೊತೆಗೆ ಕೂರಿಸಿಕೊಂಡಿದ್ದರೆ, ಅವರು ಮೊದಲು ಕೇಳುತ್ತಿದ್ದದ್ದು ಒಂದೇ: ನಮ್ಮ ಮರಿ ಎಲ್ಲಿ ಮೇಯಬೇಕು?