ಪ್ಲೇಆಫ್‌ನ ಕೊನೆಯ ಸೆಕೆಂಡ್: ಜಗಳಗಳಿಂದ ಹುಟ್ಟಿದ ಗಡಿಯಾರ

1976ರ ಜೂನ್ 4ರ ರಾತ್ರಿ ಬಾಸ್ಟನ್ ಗಾರ್ಡನ್‌ನಲ್ಲಿ ಜನ ಕೋರ್ಟಿನ ಮೇಲೆ ನುಗ್ಗಿಬಿಟ್ಟರು. ಅದು ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ ಸರಣಿಯ ಐದನೇ ಪಂದ್ಯ; ಏಳರಲ್ಲಿ ನಾಲ್ಕು ಪಂದ್ಯ ಗೆದ್ದವರಿಗೆ ಕಪ್. ಎರಡನೇ ಹೆಚ್ಚುವರಿ ಅವಧಿಯ ಕೊನೆಯಲ್ಲಿ ಜಾನ್ ಹ್ಯಾವ್ಲಿಚೆಕ್ ಓಡುತ್ತಲೇ ಎಸೆದ ಚೆಂಡು ಬೋರ್ಡಿಗೆ ಬಡಿದು ಬುಟ್ಟಿಗೆ ಬಿದ್ದಿತ್ತು. ಬಾಸ್ಟನ್ ಸೆಲ್ಟಿಕ್ಸ್ 111, ಫೀನಿಕ್ಸ್ ಸನ್ಸ್ 110. ಗೆದ್ದಾಯಿತೆಂದು ಬಾಸ್ಟನ್ ಆಟಗಾರರು ಡ್ರೆಸಿಂಗ್ ರೂಮಿನ ಕಡೆ ನಡೆದರು. ಆ ಗದ್ದಲದಲ್ಲಿ ಅಭಿಮಾನಿಯೊಬ್ಬ ರೆಫರಿ ರಿಚಿ ಪವರ್ಸ್ ಮೇಲೆಯೇ ಬಿದ್ದ. ಆದರೂ ಪವರ್ಸ್ ತಮ್ಮ ಮಾತು ಬದಲಿಸಲಿಲ್ಲ: ಇನ್ನೂ ಒಂದು ಸೆಕೆಂಡ್ ಉಳಿದಿದೆ, ಎಲ್ಲರೂ ವಾಪಸ್ ಬರಬೇಕು.

ಒಂದು ಸೆಕೆಂಡಿನಲ್ಲಿ ಏನಾದೀತು? ಸನ್ಸ್ ತಂಡ ಚೆಂಡನ್ನು ಕೋರ್ಟಿನ ಆ ತುದಿಯಿಂದ ಆಡಬೇಕಿತ್ತು. ಅಲ್ಲಿಂದ ಬುಟ್ಟಿ ಮುಟ್ಟುವುದು ಕನಸಿನ ಮಾತು. ಆಗ ಸನ್ಸ್‌ನ ಪಾಲ್ ವೆಸ್ಟ್‌ಫಾಲ್ ತನ್ನ ತಂಡದ ಪಾಲಿಗೆ ಉಳಿದೇ ಇರದ ಟೈಮೌಟ್, ಅಂದರೆ ಆಟದ ನಡುವಿನ ವಿರಾಮ, ಕೇಳಿದ. ಬೇಕೆಂದೇ ಕೇಳಿದ. ಅದಕ್ಕೆ ದಂಡ ಒಂದು ಟೆಕ್ನಿಕಲ್ ಫೌಲ್, ಎದುರಾಳಿಗೆ ಒಂದು ಫ್ರೀ ಥ್ರೋ: ಗೆರೆಯ ಮೇಲೆ ನಿಂತು ಯಾರ ಅಡ್ಡಿಯೂ ಇಲ್ಲದೆ ಎಸೆಯುವ, ಒಂದು ಅಂಕದ ಎಸೆತ. ಆದರೆ ಅಂದಿನ ನಿಯಮದ ಪ್ರಕಾರ ಟೈಮೌಟ್ ಆದಮೇಲೆ ಚೆಂಡು ಕೋರ್ಟಿನ ಮಧ್ಯಕ್ಕೆ ಬರುತ್ತಿತ್ತು. ಬಾಸ್ಟನ್‌ನ ಜೋ ಜೋ ವೈಟ್ ಫ್ರೀ ಥ್ರೋ ಹಾಕಿದ, 112–110. ಮಧ್ಯದಿಂದ ಬಂದ ಚೆಂಡನ್ನು ಸನ್ಸ್‌ನ ಗಾರ್ ಹರ್ಡ್ ಹಿಡಿದು, ತಿರುಗಿ, ಚಾವಣಿ ತಾಗುವಂತೆ ಮೇಲಕ್ಕೆ ಎಸೆದ. ನೇರ ಬುಟ್ಟಿಯೊಳಗೆ. 112–112. ಮೂರನೇ ಹೆಚ್ಚುವರಿ ಅವಧಿಯಲ್ಲಿ ಬಾಸ್ಟನ್ 128–126ರಿಂದ ಗೆದ್ದಿತು, ಆರನೇ ಪಂದ್ಯದಲ್ಲಿ ಕಪ್ಪನ್ನೂ ಒಯ್ದಿತು. ನನ್ನ ಮಟ್ಟಿಗೆ ಪ್ಲೇಆಫ್ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಪಂದ್ಯವಿಲ್ಲ. ಆ ರಾತ್ರಿಯ ಅತ್ಯಂತ ಚುರುಕಾದ ತಲೆ ಸೋತ ತಂಡದಲ್ಲಿತ್ತು. ವೆಸ್ಟ್‌ಫಾಲ್ ಕಂಡುಕೊಂಡ ಆ ಕಿಂಡಿಯನ್ನು ಲೀಗ್ ಆಮೇಲೆ ಮುಚ್ಚಿತು. ಈಗ ಇಲ್ಲದ ಟೈಮೌಟ್ ಕೇಳಿದರೆ ಚೆಂಡೂ ಕೈತಪ್ಪುತ್ತದೆ.

ಕೊನೆಯ ಸೆಕೆಂಡಿನ ರೋಮಾಂಚನ ಬಾಸ್ಕೆಟ್‌ಬಾಲ್‌ಗೆ ಹುಟ್ಟಿನಿಂದಲೇ ಬಂದದ್ದು ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ಒಂದೊಂದು ಜಗಳ, ಒಂದೊಂದು ಅನ್ಯಾಯ ಅದನ್ನು ಇಷ್ಟಿಷ್ಟಾಗಿ ಕಟ್ಟಿದೆ.

ಮೊದಲಿಗೆ ಗಡಿಯಾರವೇ ಆಟದ ಶತ್ರುವಾಗಿತ್ತು. ಮುಂದಿದ್ದ ತಂಡ ಚೆಂಡನ್ನು ಕೈಯಲ್ಲಿಟ್ಟುಕೊಂಡು ಹೊತ್ತು ಕಳೆದರೆ ಕೇಳುವವರಿರಲಿಲ್ಲ. 1950ರ ನವೆಂಬರ್‌ನಲ್ಲಿ ಫೋರ್ಟ್ ವೇನ್ ಪಿಸ್ಟನ್ಸ್ ತಂಡ ಎದುರಾಳಿಯ ಎತ್ತರದ ಆಟಗಾರ ಜಾರ್ಜ್ ಮೈಕನ್‌ಗೆ ಹೆದರಿ ಚೆಂಡನ್ನೇ ಬಿಟ್ಟುಕೊಡದೆ ಮಿನಿಯಾಪೊಲಿಸ್ ಲೇಕರ್ಸ್ ಅನ್ನು 19–18ರಿಂದ ಸೋಲಿಸಿತು. ಇಡೀ ಪಂದ್ಯದ ಸ್ಕೋರು ಅಷ್ಟೇ! ಚೆಂಡು ಕಸಿಯಲು ಉಳಿದ ದಾರಿ ಫೌಲ್ ಮಾಡುವುದೊಂದೇ. 1953ರ ಮಾರ್ಚ್‌ನಲ್ಲಿ ಬಾಸ್ಟನ್ ಮತ್ತು ಸಿರಾಕ್ಯೂಸ್ ನಡುವಿನ ಪ್ಲೇಆಫ್ ಪಂದ್ಯ ನಾಲ್ಕು ಹೆಚ್ಚುವರಿ ಅವಧಿಗಳವರೆಗೆ ಎಳೆಯಿತು. ಬಾಸ್ಟನ್‌ನ ಬಾಬ್ ಕೂಸಿ 50 ಅಂಕ ಗಳಿಸಿದ. ಅದರಲ್ಲಿ 30 ಅಂಕ ಬಂದದ್ದು ಫ್ರೀ ಥ್ರೋಗಳಿಂದ. ಮಹಾ ಸಾಧನೆ, ನಿಜ. ಆದರೆ ಜನ ನೋಡಲು ಬಂದದ್ದು ಆಟವನ್ನು, ಗೆರೆಯ ಮೇಲೆ ನಿಂತು ಎಸೆಯುವುದನ್ನಲ್ಲ.

ಅಂದು ಸೋತ ಸಿರಾಕ್ಯೂಸ್ ನ್ಯಾಷನಲ್ಸ್ ತಂಡದ ಮಾಲೀಕ ಡ್ಯಾನಿ ಬಿಯಾಸೋನ್, ಇಟಲಿಯಿಂದ ವಲಸೆ ಬಂದು ಬೌಲಿಂಗ್ ಆಟದ ಮನೆ ನಡೆಸುತ್ತಿದ್ದವರು. ಅವರ ಲೆಕ್ಕ ನಮ್ಮ ಕಿರಾಣಿ ಅಂಗಡಿಯ ಲೆಕ್ಕದಷ್ಟೇ ಸರಳ. ನೋಡಲು ಚೆನ್ನಾಗಿದ್ದ ಪಂದ್ಯಗಳಲ್ಲಿ ಎರಡೂ ತಂಡ ಸೇರಿ ಸುಮಾರು 120 ಬಾರಿ ಬುಟ್ಟಿಗೆ ಎಸೆಯುತ್ತಿದ್ದವು. ಪಂದ್ಯ 48 ನಿಮಿಷ, ಅಂದರೆ 2,880 ಸೆಕೆಂಡ್. ಭಾಗಿಸಿದರೆ 24. 1954ರಿಂದ 24 ಸೆಕೆಂಡಿನ ಶಾಟ್ ಕ್ಲಾಕ್ ಜಾರಿಗೆ ಬಂತು: ಚೆಂಡು ಕೈಗೆ ಬಂದ ತಂಡ ಅಷ್ಟರೊಳಗೆ ಬುಟ್ಟಿಗೆ ಎಸೆಯಲೇಬೇಕು. ಮೊದಲ ವರ್ಷವೇ ಬಿಯಾಸೋನ್ ತಂಡ ಫೈನಲ್‌ನ ಏಳನೇ ಪಂದ್ಯದಲ್ಲಿ ಫೋರ್ಟ್ ವೇನ್ ತಂಡವನ್ನು 92–91ರಿಂದ ಮಣಿಸಿತು. ಜಾರ್ಜ್ ಕಿಂಗ್ ಗೆಲುವಿನ ಫ್ರೀ ಥ್ರೋ ಹಾಕಿ, ಮರುಗಳಿಗೆಯಲ್ಲೇ ಎದುರಾಳಿಯ ಚೆಂಡನ್ನು ಕಸಿದ. ಹೊಸ ಗಡಿಯಾರ ತಂದುಕೊಟ್ಟ ಮೊದಲ ಕೊನೆಗಳಿಗೆ ಅದು.

ಅಲ್ಲಿಂದ ಮುಂದೆ ಹಿಂದೆಬಿದ್ದ ತಂಡಕ್ಕೂ ಆಸೆ ಉಳಿಯಿತು. ಆದರೆ ಆಸೆಗೆ ತಕ್ಕ ಬೆಲೆ ಸಿಗಬೇಕಲ್ಲ. 1970ರ ಫೈನಲ್‌ನ ಮೂರನೇ ಪಂದ್ಯವನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನ್ಯೂಯಾರ್ಕ್ ನಿಕ್ಸ್ 102–100ರಿಂದ ಮುಂದಿತ್ತು. ಉಳಿದದ್ದು ಮೂರು ಸೆಕೆಂಡ್. ಲೇಕರ್ಸ್‌ನ ಜೆರ್ರಿ ವೆಸ್ಟ್ ಚೆಂಡು ಹಿಡಿದು ಕೆಲವು ಹೆಜ್ಜೆ ಓಡಿ ಸುಮಾರು 60 ಅಡಿ ದೂರದಿಂದ ಎಸೆದ. ಬಿತ್ತು. ಎನ್‌ಬಿಎಯಲ್ಲಿ ಮೂರು ಅಂಕದ ಗೆರೆ ಬಂದದ್ದು 1979ರಲ್ಲಿ. ಹಾಗಾಗಿ 60 ಅಡಿಯ ಎಸೆತಕ್ಕೂ ಬುಟ್ಟಿಯ ಕೆಳಗಿನ ಎಸೆತಕ್ಕೂ ಸಿಗುತ್ತಿದ್ದದ್ದು ಎರಡೇ ಅಂಕ. ಪಂದ್ಯ ಸಮವಾಯಿತು, ಹೆಚ್ಚುವರಿ ಅವಧಿಯಲ್ಲಿ ಲೇಕರ್ಸ್ ಸೋತಿತು, ಏಳನೇ ಪಂದ್ಯದಲ್ಲಿ ಸರಣಿಯೂ ಕೈಬಿಟ್ಟಿತು. ಜನ ಆ ಸರಣಿಯನ್ನು ನೆನೆಯುವುದು ತೊಡೆಯ ನೋವಿನಲ್ಲಿ ಕುಂಟುತ್ತಾ ಏಳನೇ ಪಂದ್ಯಕ್ಕೆ ಇಳಿದ ನಿಕ್ಸ್‌ನ ವಿಲ್ಲಿಸ್ ರೀಡ್‌ಗಾಗಿ. ನನಗೆ ಮಾತ್ರ ವೆಸ್ಟ್ ಕಣ್ಣಮುಂದೆ ಬರುತ್ತಾನೆ.

1990ರ ಜನವರಿಯಲ್ಲಿ, ಪ್ಲೇಆಫ್ ಅಲ್ಲದ ಸಾಧಾರಣ ಪಂದ್ಯವೊಂದರಲ್ಲಿ, ನಿಕ್ಸ್‌ನ ಟ್ರೆಂಟ್ ಟಕರ್ ಗಡಿಯಾರದಲ್ಲಿ 0.1 ಸೆಕೆಂಡ್ ಇದ್ದಾಗ ಚೆಂಡು ಹಿಡಿದು, ತಿರುಗಿ, ಮೂರು ಅಂಕ ಗಳಿಸಿದ. ಅಷ್ಟರಲ್ಲಿ ಅಷ್ಟು ಮಾಡಲು ಮನುಷ್ಯನಿಗೆ ಸಾಧ್ಯವೇ? ಗಡಿಯಾರದ ಗುಂಡಿ ಒತ್ತುವ ಬೆರಳು ತಡವಾಗಿತ್ತಷ್ಟೆ. ಶಿಕಾಗೊ ಬುಲ್ಸ್ ದೂರಿತು, ಫಲಿತಾಂಶ ಬದಲಾಗಲಿಲ್ಲ. ಆದರೆ ಹೊಸ ನಿಯಮ ಬಂತು: ಚೆಂಡು ಹಿಡಿದು ಎಸೆಯಬೇಕಾದರೆ ಕನಿಷ್ಠ 0.3 ಸೆಕೆಂಡ್ ಉಳಿದಿರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಚೆಂಡನ್ನು ತಟ್ಟಿ ಬುಟ್ಟಿಗೆ ಹಾಕಬಹುದು, ಅಷ್ಟೆ.

ಹದಿನಾಲ್ಕು ವರ್ಷದ ನಂತರ, 2004ರ ಮೇ 13ರಂದು ಸ್ಯಾನ್ ಆಂಟೋನಿಯೊದಲ್ಲಿ ಟಿಮ್ ಡಂಕನ್ ಎಸೆದ ಚೆಂಡು ಸ್ಪರ್ಸ್ ತಂಡಕ್ಕೆ 73–72ರ ಮುನ್ನಡೆ ಕೊಟ್ಟಾಗ ಗಡಿಯಾರದಲ್ಲಿ ಉಳಿದದ್ದು 0.4. ಟಕರ್ ನಿಯಮದ ಗಡಿಗಿಂತ ಒಂದು ಹತ್ತನೇ ಭಾಗ ಹೆಚ್ಚು. ಲೇಕರ್ಸ್‌ನ ಡೆರೆಕ್ ಫಿಶರ್ ಚೆಂಡು ಹಿಡಿದು ತಿರುಗುವಾಗಲೇ ಎಡಗೈಯಿಂದ ಬಿಟ್ಟ, ಬಿತ್ತು, 74–73. ಫಿಶರ್ ತಿರುಗಿಯೂ ನೋಡದೆ ಓಟ ಕಿತ್ತ. ರೆಫರಿಗಳು ಟಿವಿ ಪರದೆಯಲ್ಲಿ ನೋಡಿ ಒಪ್ಪಿದರು.

ರೆಫರಿಗಳಿಗೆ ಆ ಪರದೆ ಸಿಕ್ಕಿದ್ದೂ ಸುಮ್ಮನೆ ಅಲ್ಲ. 1998ರ ಫೈನಲ್‌ನ ಆರನೇ ಪಂದ್ಯ ಎಂದರೆ ಎಲ್ಲರಿಗೂ 5.2 ಸೆಕೆಂಡ್ ಇದ್ದಾಗ ಬುಲ್ಸ್‌ನ ಮೈಕೆಲ್ ಜೋರ್ಡನ್ ಹಾಕಿದ ಬುಟ್ಟಿ, 87–86ರ ಗೆಲುವು ನೆನಪು. ಅದೇ ಪಂದ್ಯದಲ್ಲಿ ಯೂಟಾದ ಹೋವರ್ಡ್ ಐಸ್ಲಿ ಸಮಯದೊಳಗೇ ಎಸೆದ ಮೂರು ಅಂಕದ ಚೆಂಡನ್ನು ರೆಫರಿಗಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸಮಯ ಮೀರಿ ಎಸೆದ ಬುಲ್ಸ್‌ನ ರಾನ್ ಹಾರ್ಪರ್‌ಗೆ ಎರಡು ಅಂಕ ಕೊಟ್ಟರು. ಯೂಟಾ ಸೋತದ್ದು ಒಂದೇ ಅಂಕದಿಂದ. ಜೋರ್ಡನ್‌ನನ್ನು ಆರಾಧಿಸುವವರಲ್ಲಿ ನಾನೂ ಒಬ್ಬ, ಆದರೂ ಇದನ್ನು ಹೇಳದೆ ಆ ಪಂದ್ಯದ ಕಥೆ ಹೇಳಬಾರದು. 2002ರ ಪ್ಲೇಆಫ್‌ನಲ್ಲಿ ಇದೇ ಮರುಕಳಿಸಿತು. ಸ್ಯಾಕ್ರಮೆಂಟೊ ವಿರುದ್ಧ ಅರ್ಧ ಪಂದ್ಯ ಮುಗಿಯುವಾಗ ಲೇಕರ್ಸ್‌ನ ಸಮಾಕಿ ವಾಕರ್ ದೂರದಿಂದ ಎಸೆದ ಚೆಂಡು, ಬಜರ್ ಆದಮೇಲೂ ಅವನ ಕೈಯಲ್ಲಿತ್ತು. ಆದರೂ ಮೂರು ಅಂಕ ಸಿಕ್ಕಿತು. ಕೊನೆಯಲ್ಲಿ ಸ್ಯಾಕ್ರಮೆಂಟೊದ ವ್ಲಾಡೆ ಡಿವಾಟ್ಸ್ ದೂರಕ್ಕೆ ತಟ್ಟಿದ ಚೆಂಡು ನೇರ ರಾಬರ್ಟ್ ಹೋರಿಯ ಕೈಗೆ ಹೋಗಿ, ಹೋರಿ ಎಸೆದು, ಲೇಕರ್ಸ್ 100–99ರಿಂದ ಗೆದ್ದಿತು. ಆ ಮೂರು ಅಂಕ ಇಲ್ಲದಿದ್ದರೆ? ಮುಂದಿನ ಸೀಸನ್‌ನಿಂದಲೇ ಅವಧಿಯ ಕೊನೆಯ ಎಸೆತಗಳಿಗೆ ವಿಡಿಯೊ ಪರಿಶೀಲನೆ ಶುರುವಾಯಿತು. ಸಮಯ ಮುಗಿದಾಗ ಬೋರ್ಡಿನ ಅಂಚಿನಲ್ಲಿ ಹೊತ್ತುವ ಕೆಂಪು ದೀಪವೇ ಸಾಕ್ಷಿ. ಚೆಂಡು ಕೈಬಿಟ್ಟದ್ದು ದೀಪ ಹೊತ್ತುವ ಮುಂಚೆಯೋ, ಆಮೇಲೆಯೋ?

2019ರ ಮೇ 12ರಂದು ಟೊರಾಂಟೊದಲ್ಲಿ ಆ ಪ್ರಶ್ನೆಯೇ ಏಳಲಿಲ್ಲ. ಫಿಲಡೆಲ್ಫಿಯಾ ವಿರುದ್ಧ ಏಳನೇ ಪಂದ್ಯ, 90–90, ಉಳಿದದ್ದು 4.2 ಸೆಕೆಂಡ್. ನಮ್ಮಲ್ಲಿ ಆಗ ಬೆಳಗಿನ ಕಾಫಿಗೂ ಮುಂಚಿನ ಹೊತ್ತು. ಟೊರಾಂಟೊ ತಂಡದ ಕವಾಯ್ ಲೆನರ್ಡ್ ಬಲಮೂಲೆಗೆ ಓಡಿ, ಕೈಚಾಚಿ ಹಾರಿದ ಫಿಲಡೆಲ್ಫಿಯಾದ ಜೋಯೆಲ್ ಎಂಬೀಡ್‌ನ ಮೇಲಿಂದ ಚೆಂಡು ಬಿಟ್ಟ. ಚೆಂಡು ಗಾಳಿಯಲ್ಲಿದ್ದಾಗಲೇ ಕೆಂಪು ದೀಪ ಹೊತ್ತಿತು. ಗಡಿಯಾರದಲ್ಲಿ ಸೊನ್ನೆ. ಚೆಂಡು ರಿಮ್‌ಗೆ ಒಮ್ಮೆ ಬಡಿಯಿತು, ಇನ್ನೊಮ್ಮೆ, ಮತ್ತೊಮ್ಮೆ, ನಾಲ್ಕನೇ ಸಲ. ಲೆನರ್ಡ್ ಗೆರೆಯ ಬಳಿ ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದ. ಅವನ ಮುಂದೆಯೇ ಎಂಬೀಡ್ ನಿಂತು ನೋಡುತ್ತಿದ್ದ. ಚೆಂಡು ಒಳಗೆ ಬಿತ್ತು, ಎಂಬೀಡ್ ಅಳುತ್ತಾ ಹೊರನಡೆದ.