ಡೆತ್ ವ್ಯಾಲಿಯ ವಸಂತದಲ್ಲಿ ಕಣ್ಣಿಗೆ ಕಾಣದ ಬೆವರು

ಫೆಬ್ರವರಿ ಕಳೆಯುತ್ತಿದ್ದಂತೆ ಅಮೆರಿಕದ ಕ್ಯಾಲಿಫೋರ್ನಿಯಾದ ಮರುಭೂಮಿ ಕಣಿವೆಯಾದ ಡೆತ್ ವ್ಯಾಲಿಗೆ ಹೊರಟವರು ವೈದ್ಯಕೀಯ ಸಲಹೆ ಕೇಳಿಕೊಂಡು ನನ್ನ ಬಳಿ ಬರುತ್ತಾರೆ. ಅವರಲ್ಲಿ ಬಹುಪಾಲು ಜನರ ಆತಂಕ ಹಾವು, ಚೇಳುಗಳದ್ದು. ಬಿಸಿಲಿನ ಮಾತೆತ್ತಿದರೆ ಬೇಸಿಗೆ ಇನ್ನೂ ದೂರವಿದೆಯಲ್ಲ ಎನ್ನುತ್ತಾರೆ. ಆ ಮಾತು ಸುಳ್ಳೇನೂ ಅಲ್ಲ. 1913ರ ಜುಲೈ 10ರಂದು ಅಲ್ಲಿನ ಫರ್ನೇಸ್ ಕ್ರೀಕ್‌ನಲ್ಲಿ ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ಎಲ್ಲಿ, ಮಾರ್ಚ್ ತಿಂಗಳ ಸರಾಸರಿ ಗರಿಷ್ಠ ತಾಪಮಾನವಾದ ಸುಮಾರು 28 ಡಿಗ್ರಿ ಎಲ್ಲಿ! ಆದರೆ ಏಪ್ರಿಲ್‌ನಲ್ಲಿ ಅದು 32ರ ಆಸುಪಾಸಿಗೂ ಮೇ ತಿಂಗಳಲ್ಲಿ 38ರ ಸಮೀಪಕ್ಕೂ ಏರುತ್ತದೆ ಎಂಬುದನ್ನು ಪ್ರವಾಸದ ದಿನ ಗೊತ್ತುಮಾಡುವಾಗ ಅನೇಕರು ಗಮನಿಸುವುದಿಲ್ಲ.

ಹಿತವೆನಿಸುವ ಮಾರ್ಚ್‌ನಲ್ಲಿಯೂ ದೇಹ ನೀರು ಕಳೆದುಕೊಳ್ಳುತ್ತಲೇ ಇರುತ್ತದೆ. ಗಾಳಿ ತೀರ ಒಣಗಿರುವುದರಿಂದ ಬೆವರು ಚರ್ಮದ ಮೇಲೆ ಹನಿಗಟ್ಟುವ ಮೊದಲೇ ಆವಿಯಾಗಿ ಹೋಗುತ್ತದೆ. ಅಂಗಿ ಒದ್ದೆಯಾಗದ ಕಾರಣ ತಾನು ಬೆವರುತ್ತಿಲ್ಲವೆಂದೇ ನಡೆಯುವವನು ಭಾವಿಸುತ್ತಾನೆ, ಬಾಯಾರಿಕೆಯ ಸೂಚನೆಯೂ ತಡವಾಗಿಯೇ ಸಿಗುತ್ತದೆ. ಇದರ ಜೊತೆಗೆ, ಚಳಿಗಾಲವನ್ನು ಕಳೆದು ಬಂದ ದೇಹ ಬಿಸಿಲಿಗೆ ಒಗ್ಗಲು, ಅಂದರೆ ರಕ್ತದ ದ್ರವಾಂಶ ಹೆಚ್ಚಿ, ಬೆವರು ಬೇಗ ಸುರಿಯತೊಡಗಿ, ಆ ಬೆವರಿನಲ್ಲಿ ಉಪ್ಪಿನಂಶ ಕಡಿಮೆಯಾಗಲು, ಒಂದೆರಡು ವಾರ ಹಿಡಿಯುತ್ತದೆ. ವಾರಾಂತ್ಯದ ಪ್ರವಾಸಿಗೆ ಅಷ್ಟು ಕಾಲಾವಕಾಶವಿರುವುದಿಲ್ಲ.

ದಿನಕ್ಕೆ ಕನಿಷ್ಠ ಒಂದು ಗ್ಯಾಲನ್, ಎಂದರೆ ಹತ್ತಿರಹತ್ತಿರ ನಾಲ್ಕು ಲೀಟರ್ ನೀರು ಕುಡಿಯಬೇಕೆಂದು ರಾಷ್ಟ್ರೀಯ ಉದ್ಯಾನದ ಆಡಳಿತ ಹೇಳುತ್ತದೆ. ಆರೋಗ್ಯವಂತರಿಗೆ ಅದು ಸರಿಯಾದ ಸಲಹೆ. ಆದರೆ ಉಪ್ಪಿನ ತಿನಿಸು ಏನೂ ಇಲ್ಲದೆ ಬರೀ ನೀರನ್ನೇ ಒಂದೇ ಸಮನೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಕಾಣಿಸಿಕೊಳ್ಳಬಹುದು. ಅದನ್ನು ಬಿಸಿಲಿನ ಬಾಧೆಯೆಂದು ತಿಳಿದು ಇನ್ನಷ್ಟು ನೀರು ಕುಡಿಸುವುದು ಅಪಾಯಕರ. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆ ನುಂಗುವವರೂ ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರಿನ ಮಿತಿ ಹಾಕಿಸಿಕೊಂಡವರೂ ಹೊರಡುವ ಮೊದಲೇ ತಮ್ಮ ವೈದ್ಯರೊಡನೆ ಮಾತನಾಡಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದಂತೂ ಸಲ್ಲದು.

ನನ್ನ ಮುಖ್ಯ ಸಲಹೆ ಎತ್ತರಕ್ಕೆ ಸಂಬಂಧಿಸಿದ್ದು. ಬ್ಯಾಡ್‌ವಾಟರ್ ತಗ್ಗು ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿದ್ದರೆ, ಅದರ ನೆತ್ತಿಯ ಮೇಲೆಯೇ ಇರುವ ಡಾಂಟೆಸ್ ವ್ಯೂ ಎಂಬ ವೀಕ್ಷಣಾ ತಾಣ 1,600 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಎರಡರ ನಡುವೆ ಹತ್ತು ಡಿಗ್ರಿಗೂ ಮೀರಿದ ವ್ಯತ್ಯಾಸ ಸಾಮಾನ್ಯ. ತಗ್ಗಿನಲ್ಲಿ ನಡೆಯುವುದನ್ನು ಬೆಳಿಗ್ಗೆ ಹತ್ತರೊಳಗೆ ಮುಗಿಸಿ, ಮಧ್ಯಾಹ್ನ ಮೇಲಕ್ಕೆ ಹೋಗುವುದು ಜಾಣತನ. ಮೇಲೆ ಗಾಳಿ ಚುರುಕಾಗಿರುವುದರಿಂದ ಬೆಚ್ಚನೆಯ ಮೇಲಂಗಿಯೊಂದು ಜೊತೆಗಿರಲಿ.

ಹೂಗಳೂ ಇದೇ ಏಣಿಯನ್ನು ಹತ್ತುತ್ತವೆ. ತಗ್ಗಿನ ಬಯಲಿನಲ್ಲಿ ಫೆಬ್ರವರಿ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಅರಳುವ ಹೂಗಳು, ಏಪ್ರಿಲ್ ಕಳೆದಂತೆ ಗುಡ್ಡಗಳಲ್ಲಿಯೂ ಆಮೇಲೆ ಬೆಟ್ಟಗಳಲ್ಲಿಯೂ ಕಾಣಸಿಗುತ್ತವೆ. ಹೂ ನೋಡಲೆಂದು ಏಪ್ರಿಲ್ ಕೊನೆಯಲ್ಲಿ ಬ್ಯಾಡ್‌ವಾಟರಿಗೆ ಇಳಿಯುವವರಿಗೆ ಬಿಸಿಲಷ್ಟೇ ದಕ್ಕೀತು. 2005 ಮತ್ತು 2016ರಲ್ಲಿ ಕಂಡಂಥ ಹೂಗಳ ಮಹಾಪೂರಕ್ಕೆ ಸಕಾಲದ ಮಳೆ ಸಾಕಷ್ಟು ಬೀಳಬೇಕು. ವರ್ಷಕ್ಕೆ ಸರಾಸರಿ 50 ಮಿಲಿಮೀಟರ್ ಮಳೆ ಕಾಣುವ ನೆಲದಿಂದ ಅದನ್ನು ಪ್ರತಿ ವಸಂತದಲ್ಲಿ ನಿರೀಕ್ಷಿಸುವುದು ದುರಾಸೆಯೇ ಸರಿ.

ತಲೆಸುತ್ತು, ಓಕರಿಕೆ ಶುರುವಾದರೆ ನಡಿಗೆ ನಿಲ್ಲಿಸಿ ನೆರಳಿಗೆ ಬರಬೇಕು. ಮಾತು ತೊದಲತೊಡಗಿದರೆ, ನಡವಳಿಕೆ ಬದಲಾದರೆ ಅದನ್ನು ಬಿಸಿಲಿನ ಆಘಾತವೆಂದೇ ಭಾವಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ ಅಲ್ಲಿನ ತುರ್ತು ಸಹಾಯದ ಸಂಖ್ಯೆ 911ಕ್ಕೆ ಕರೆ ಮಾಡಬೇಕು. ಉದ್ಯಾನದ ಬಹುಭಾಗದಲ್ಲಿ ಮೊಬೈಲ್ ಸಂಪರ್ಕ ಸಿಗುವುದಿಲ್ಲವಾದ್ದರಿಂದ, ಯಾವ ದಾರಿಯಲ್ಲಿ ಹೋಗಿ ಎಷ್ಟು ಹೊತ್ತಿಗೆ ಮರಳುವಿರಿ ಎಂಬುದನ್ನು ಹೊರಡುವ ಮುಂಚೆಯೇ ಯಾರಿಗಾದರೂ ತಿಳಿಸಿರಿ. ಕಾರು ಕೆಟ್ಟು ನಿಂತರೆ ಅದನ್ನು ಬಿಟ್ಟು ಸಹಾಯ ಹುಡುಕುತ್ತ ನಡೆಯಬೇಡಿರಿ.