ಇಳಿಯದ ವೃಷಣ

‘ಇಳಿದಿಲ್ಲ’ ಅಂದಕೂಡಲೇ ಇಂದಲ್ಲ ನಾಳೆ ಇಳಿದೀತು ಎಂಬ ಆಸೆ ಹುಟ್ಟುತ್ತದೆ. ಆ ಆಸೆಗೊಂದು ಗಡುವಿದೆ: ಆರು ತಿಂಗಳು.

ಅಣ್ಣಿಗೇರಿಯ ನಮ್ಮ ಬಚ್ಚಲಲ್ಲಿ ಅವ್ವ ಕಾಲು ಚಾಚಿ ಕೂತು ಅಣ್ಣನ ಮಗನಿಗೆ ಎಣ್ಣೆ ಹಚ್ಚುತ್ತಿದ್ದಳು. ಕೂಸಿಗೆ ಆಗ ಮೂರು ತಿಂಗಳು. “ಬಲಗಡೀ ಬೀಜ ಕೈಗೆ ಸಿಗವಲ್ದಲ್ಲ” ಅಂದಳು. ಪಕ್ಕದ ಮನೆಯ ಆಯಿ, “ಬೆಳದಂಗ ತಾನ ಇಳೀತೈತಿ ಬಿಡ್ರಿ” ಅಂದರು.

ವೃಷಣ ಮೂಡುವುದು ಗರ್ಭದ ಕೂಸಿನ ಹೊಟ್ಟೆಯೊಳಗೆ. ಹೆರಿಗೆಯ ಹೊತ್ತಿಗೆ ಅದು ತೊಡೆಸಂದಿನ ದಾರಿ ಹಿಡಿದು ಚೀಲಕ್ಕೆ ಬರಬೇಕು. ನಡುವೆ ಎಲ್ಲಾದರೂ ನಿಂತರೆ ಡಾಕ್ಟರರ ಚೀಟಿಯಲ್ಲಿ ‘ಕ್ರಿಪ್ಟಾರ್ಕಿಡಿಸಂ’ ಎಂದು ಬರುತ್ತದೆ. ಗ್ರೀಕಿನಲ್ಲಿ ‘ಕ್ರಿಪ್ಟೋಸ್’ ಎಂದರೆ ಅಡಗಿದ, ‘ಆರ್ಕಿಸ್’ ಎಂದರೆ ವೃಷಣ. ದಿನ ತುಂಬಿ ಹುಟ್ಟಿದ ನೂರು ಗಂಡುಕೂಸುಗಳಲ್ಲಿ ಸುಮಾರು 3ಕ್ಕೆ ಹೀಗಿರುತ್ತದೆ. ವರ್ಷ ತುಂಬುವಾಗ ಹೀಗೇ ಉಳಿದಿರುವುದು ನೂರರಲ್ಲಿ ಸುಮಾರು 1ಕ್ಕೆ ಮಾತ್ರ. ಹಾಗಾಗಿ ಆಯಿಯ ಮಾತು ಪೂರ್ತಿ ಸುಳ್ಳಲ್ಲ. ಆದರೆ ಆರು ತಿಂಗಳಾದ ಮೇಲೆ ತಾನಾಗಿ ಇಳಿಯುವುದು ಅಪರೂಪ. ಒಂದೂವರೆ ವರ್ಷದೊಳಗೆ ಆಪರೇಷನ್ ಮಾಡಿ ಕೆಳಗೆ ತಂದು ಕೂರಿಸುತ್ತಾರೆ. ಕೆಲವು ಮಕ್ಕಳದು ಚಳಿಗೆ ಮೇಲೆ ಸರಿದು ಬಿಸಿನೀರಿಗೆ ಕೆಳಗೆ ಬರುತ್ತದೆ. ಅದು ಬೇರೆ, ಈ ತೊಂದರೆಯಲ್ಲ. ಯಾವುದೆಂದು ನೋಡಲು ಬಿಸಿನೀರಿನ ಬಚ್ಚಲೇ ತಕ್ಕ ಜಾಗ.

ಅವಸರ ಯಾಕೆ? ಮುಂದೆ ಮಕ್ಕಳಾಗುವ ಪ್ರಶ್ನೆ ಒಂದು, ಕ್ಯಾನ್ಸರ್ ಇನ್ನೊಂದು. ಈ ಆಪರೇಷನ್ ಆದ ಸುಮಾರು 17,000 ಗಂಡಸರನ್ನು ಸ್ವೀಡನ್ನಿನಲ್ಲಿ ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. 13 ವರ್ಷದೊಳಗೆ ಮಾಡಿಸಿಕೊಂಡವರಲ್ಲಿ ವೃಷಣದ ಕ್ಯಾನ್ಸರ್ ಸಾಧಾರಣ ಜನರಿಗಿಂತ ಎರಡು ಪಟ್ಟಿಗೆ ತುಸು ಮೇಲೆ. ತಡವಾದವರಲ್ಲಿ ಐದು ಪಟ್ಟು ದಾಟಿತ್ತು. ಇದನ್ನು ಓದಿ ಎದೆ ಒಡೆದುಕೊಳ್ಳಬೇಡಿ. ಕಾಯಿಲೆಯೇ ಅಪರೂಪದ್ದು, ಹೀಗೆ ಹುಟ್ಟಿದ ಬಹುಪಾಲು ಗಂಡಸರಿಗೆ ಅದು ಬರುವುದೇ ಇಲ್ಲ.

ಆದರೂ ಆಪರೇಷನ್ನಿನಿಂದ ಅಪಾಯ ಸೊನ್ನೆಯಾಗುವುದಿಲ್ಲ. ಗಂಟು ಮೂಡಿದರೆ ಕೈಗೆ ಸಿಗುವ ಜಾಗಕ್ಕೆ ವೃಷಣ ಬಂದಿರುತ್ತದೆ, ಅದೂ ದೊಡ್ಡ ಲಾಭ. ಹದಿನೈದು ದಾಟಿದ ಮೇಲೆ ತಿಂಗಳಿಗೊಮ್ಮೆ, ಬಿಸಿನೀರಿನ ಸ್ನಾನವಾದ ಮೇಲೆ, ಎರಡೂ ಕಡೆ ಬೆರಳಾಡಿಸಿ ನೋಡಿಕೊಳ್ಳಬೇಕು. ನೋವಿಲ್ಲದ ಗಟ್ಟಿ ಗಂಟಿಗೇ ಹೆಚ್ಚು ಹೆದರಬೇಕು. ನೋವಿಲ್ಲವೆಂದೇ, ನಾಚಿಕೆಯೂ ಕೂಡಿ, ನಮ್ಮ ಹುಡುಗರು ತಿಂಗಳುಗಟ್ಟಲೆ ಬಚ್ಚಿಡುತ್ತಾರೆ. ಬೇಗ ಸಿಕ್ಕರೆ ನೂರರಲ್ಲಿ 95ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ.

ಅಣ್ಣನ ಮಗನಿಗೆ ಹನ್ನೊಂದನೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ತೊಡೆಸಂದಿನ ಆ ಸಣ್ಣ ಗೆರೆ ಯಾತರದೆಂದು ಅವನಿಗೆ ನೆನಪಿರುವುದಿಲ್ಲ. ಅದಕ್ಕೇ ವೈನಿ ಡಿಸ್ಚಾರ್ಜ್ ಕಾಗದವನ್ನು ಅವನ ಜಾತಕದ ಜೊತೆ ಟ್ರಂಕಿನಲ್ಲಿಟ್ಟಿದ್ದಾಳೆ, ಹದಿನೈದು ತುಂಬಿದಾಗ ಅವನ ಕೈಗೆ ಕೊಡಲು.